ಎಫ್‌ಸಿ ಹಾಳೆಯಲ್ಲಿ ಬ್ರೇಕಿನ ಸ್ಥಿತಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಲಾರಿ, ಪಿಕಪ್, ಟ್ಯಾಕ್ಸಿ, ಬಸ್ಸುಗಳಿಗೆ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್ ಬಗ್ಗೆ ಈ ಪತ್ರ. ನಾವೆಲ್ಲ ಅದನ್ನು ಎಫ್‌ಸಿ ಅನ್ನುತ್ತೇವೆ. ಗಾಡಿ ಓಡಿಸಲು ಯೋಗ್ಯವಾಗಿದೆ ಎಂದು ಆ ಹಾಳೆಯಲ್ಲಿ ಇರುತ್ತದೆ. ಯಾವ ತಾರೀಖಿನವರೆಗೆ ಎಂದೂ ಇರುತ್ತದೆ. ಆದರೆ ಪರೀಕ್ಷೆಯ ದಿನ ಬ್ರೇಕ್ ಎಷ್ಟು ಹಿಡಿಯಿತು, ಲೈನಿಂಗ್ (ಬ್ರೇಕ್ ಒತ್ತಿದಾಗ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಎಷ್ಟು ಉಳಿದಿತ್ತು, ಟೈರಿನ ಗ್ರಿಪ್ ಎಷ್ಟು ಆಳ ಇತ್ತು ಎನ್ನುವುದು ಅದರಲ್ಲಿ ಇರುವುದಿಲ್ಲ. ಅದನ್ನೂ ಬರೆಯಬೇಕು. ಬರೆದದ್ದು ಗಾಡಿ ಓಡಿಸುವವನ ಕೈಗೂ ಸಿಗಬೇಕು. ನಾನು ಕೇಳುತ್ತಿರುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಎಂದು ಹೇಳಲು ಮಾತ್ರ ಸ್ವಲ್ಪ ಜಾಗ ಬೇಕು.

ಸಕಲೇಶಪುರದ ಹತ್ತಿರ, ರಾಷ್ಟ್ರೀಯ ಹೆದ್ದಾರಿ 75ರ ಪಕ್ಕ ನನ್ನದೊಂದು ಗ್ಯಾರೇಜ್ ಇದೆ. ಎಲ್ಲ ಕೆಲಸವೂ ಮಾಡುತ್ತೇನೆ, ಆದರೆ ಜಾಸ್ತಿ ಬರುವುದು ಬ್ರೇಕ್ ಕೆಲಸ. ಕಾರಣ ನಮ್ಮ ಜಾಗ. ಇಲ್ಲಿಂದ ಮುಂದೆ ದೋಣಿಗಾಲ್, ಮಾರನಹಳ್ಳಿ, ಆಮೇಲೆ ಶಿರಾಡಿ ಘಾಟಿ. ಗುಂಡ್ಯ ಸಿಗುವವರೆಗೆ ಇಳಿಜಾರು. ಬೆಂಗಳೂರು ಕಡೆಯಿಂದ ಮಂಗಳೂರಿಗೆ ಹೋಗುವ ಭಾರದ ಗಾಡಿಗಳು ಹಗಲು ರಾತ್ರಿ ಇದೇ ದಾರಿಯಲ್ಲಿ ಇಳಿಯುತ್ತವೆ. ಬಯಲುಸೀಮೆಯಲ್ಲಿ ಸುಮ್ನೆ ಓಡಿಕೊಂಡು ಬಂದ ಗಾಡಿಯ ಬ್ರೇಕು ಹೇಗಿದೆ ಎಂದು ಗೊತ್ತಾಗುವುದು ಇಲ್ಲಿ. ಬುದ್ಧಿವಂತ ಡ್ರೈವರ್ ಇಳಿಯುವ ಮುಂಚೆ ನಿಲ್ಲಿಸಿ ತೋರಿಸುತ್ತಾನೆ. ಕೆಲವರು ಎರಡು ತಿರುವು ಇಳಿದು, ಪೆಡಲ್ ಕೆಳಗೆ ಹೋದಾಗ ಹೆದರಿ, ಹೇಗೋ ನಿಲ್ಲಿಸಿ ಫೋನ್ ಮಾಡುತ್ತಾರೆ. ನಾನು ಹೇಳುವುದು ಯಾವುದೋ ಒಂದು ಊರಿನ ಕಚೇರಿ ಬಗ್ಗೆ ಅಲ್ಲ. ನನ್ನ ಹತ್ತಿರ ಬರುವ ಗಾಡಿಗಳು ಹತ್ತಾರು ಜಿಲ್ಲೆಗಳವು, ಹೊರ ರಾಜ್ಯದವೂ ಇವೆ. ತೊಂದರೆ ಎಲ್ಲ ಕಡೆಯದ್ದೂ ಒಂದೇ.

ಕಳೆದ ಮಳೆಗಾಲದ ಒಂದು ಸಂಗತಿ ಹೇಳುತ್ತೇನೆ. ತರಕಾರಿ ತುಂಬಿದ ಪಿಕಪ್ ಒಂದು ಸಂಜೆ ಹೊತ್ತಿಗೆ ಬಂತು. ಓಡಿಸುತ್ತಿದ್ದವನು ಚಿಕ್ಕ ಹುಡುಗ, ಆಕ್ಟಿಂಗ್ ಡ್ರೈವರ್. ಖಾಯಂ ಡ್ರೈವರ್ ರಜೆ ಹಾಕಿದ್ದಕ್ಕೆ ಒಂದು ಟ್ರಿಪ್ಪಿಗೆ ಅಂತ ಬಂದವನು. ಬ್ರೇಕ್ ಹಿಡಿದರೆ ಕರಕರ ಸದ್ದು ಬರುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ ಎಂದ. ಹಿಂದಿನ ಚಕ್ರ ಬಿಚ್ಚಿ ಡ್ರಮ್, ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಡಬ್ಬಿ, ತೆಗೆದೆ. ಲೈನಿಂಗ್ ಸವೆದು, ಅದನ್ನು ಹಿಡಿದಿಡುವ ರಿವೆಟ್ ಮೊಳೆ ಡ್ರಮ್ಮಿಗೆ ತಾಗಿ ಗೆರೆ ಬಿದ್ದಿತ್ತು. ಇನ್ನೊಂದು ಪಕ್ಕದಲ್ಲಿ ಲೈನಿಂಗನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ಸೋರಿ, ಇದ್ದ ಲೈನಿಂಗ್ ಮೇಲೂ ಬ್ರೇಕ್ ಆಯಿಲ್ ಇಳಿದಿತ್ತು. ಅಂದರೆ ಹಿಂದಿನ ಎರಡು ಚಕ್ರಕ್ಕೂ ಬ್ರೇಕ್ ಇಲ್ಲ ಎಂದೇ ಲೆಕ್ಕ.

"ಅಣ್ಣಾ, ಎಫ್‌ಸಿ ಇದೆಯಲ್ಲ?" ಎಂದು ಆ ಹುಡುಗ ಪ್ಲಾಸ್ಟಿಕ್ ಕವರಿನಿಂದ ಹಾಳೆ ತೆಗೆದು ತೋರಿಸಿದ. ಹೌದು, ಎಫ್‌ಸಿ ಮುಗಿಯಲು ಇನ್ನೂ ಏಳು ತಿಂಗಳು ಇತ್ತು. ಅವನು ವಾದ ಮಾಡುತ್ತಿರಲಿಲ್ಲ. ನಿಜವಾಗಿಯೂ ನಂಬಿದ್ದ. ಸರ್ಕಾರದ ಮುದ್ರೆ ಇರುವ ಹಾಳೆ ಗಾಡಿ ಸರಿಯಿದೆ ಎನ್ನುತ್ತಿದೆ. ಇವತ್ತು ಬೆಳಿಗ್ಗೆ ಮೊದಲ ಸಲ ಆ ಸೀಟಿನಲ್ಲಿ ಕೂತವನು ಇನ್ನೇನು ನೋಡಬೇಕು ಹೇಳಿ?

ಯಜಮಾನರಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು. "ಎಫ್‌ಸಿ ಮಾಡಿಸಿದ್ದೀನಿ ಕಣ್ರೀ, ಮಂಗಳೂರಿಗೆ ಹೋಗಿ ಬರಲಿ, ವಾಪಸ್ ಬಂದ ಮೇಲೆ ಹಾಕ್ಸೋಣ." ನಾನು ಡ್ರಮ್ಮಿನ ಫೋಟೊ ತೆಗೆದು ಕಳಿಸಿದೆ. ನೋಡಿದ ಮೇಲೆ ಅವರ ಧ್ವನಿಯೇ ಬದಲಾಯಿತು. ಬೇರೆ ಗಾಡಿ ಕಳಿಸಿ ಲೋಡ್ ಬದಲಾಯಿಸಿದರು. ಕೆಟ್ಟ ಮನುಷ್ಯ ಅಲ್ಲ ಅವರು. ಆ ಫೋಟೊ ಬರುವವರೆಗೆ ಅವರ ಕೈಯಲ್ಲೂ ಇದ್ದದ್ದು ತಾರೀಖು ಇರುವ ಒಂದು ಹಾಳೆ ಮಾತ್ರ.

ಘಾಟಿಯಲ್ಲಿ ಬ್ರೇಕ್ ಕೈ ಕೊಡುವುದು ಹೇಗೆ ಎಂದು ಓದುಗರಿಗೂ ಗೊತ್ತಿರಲಿ. ಒಂದೇ ಸಮನೆ ಬ್ರೇಕ್ ಒತ್ತಿಕೊಂಡು ಇಳಿದರೆ ಡ್ರಮ್ ಕಾಯುತ್ತದೆ. ಕಾದ ಕಬ್ಬಿಣ ಹಿಗ್ಗಿ ಲೈನಿಂಗಿನಿಂದ ದೂರ ಹೋಗುತ್ತದೆ. ಲೈನಿಂಗ್ ಕೂಡ ಬಿಸಿಗೆ ಹಿಡಿತ ಕಳೆದುಕೊಳ್ಳುತ್ತದೆ. ಮೊದಲೇ ಸವೆದ ಲೈನಿಂಗ್ ಆದರೆ ಪೆಡಲ್ ನೆಲ ಮುಟ್ಟಿದರೂ ಚಕ್ರ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಹಳೆಯದಾದರೆ ಗಾಳಿಯ ತೇವ ಹೀರಿಕೊಂಡಿರುತ್ತದೆ. ಅದು ಬೇಗ ಕುದಿಯುತ್ತದೆ. ಪೈಪಿನಲ್ಲಿ ಆವಿ ತುಂಬಿದರೆ ಕಾಲು ಒತ್ತಿದ್ದು ಚಕ್ರಕ್ಕೆ ತಲುಪುವುದಿಲ್ಲ. ಇದರ ಮೇಲೆ ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರೆ. ಇಂಜಿನ್ ಕೊಡುವ ಹಿಡಿತವೂ ಹೋಯಿತು. ಇಂಜಿನ್ ಆಫ್ ಮಾಡಿ ಇಳಿಸಿದರಂತೂ ಪಿಕಪ್ಪಿನಲ್ಲಿ ನಾಲ್ಕು ಸಲ ಪೆಡಲ್ ಒತ್ತುವಷ್ಟರಲ್ಲಿ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದರು. ಅದು ಸರಿಯಾದ ಮಾತು.

ಈಗ ನಿಯಮಕ್ಕೆ ಬರೋಣ. 2018ರ ಕೊನೆಯಲ್ಲಿ ಕೇಂದ್ರ ಸರ್ಕಾರ ಮಾಡಿದ ಬದಲಾವಣೆಯ ಪ್ರಕಾರ, 8 ವರ್ಷದ ಒಳಗಿನ ಬಾಡಿಗೆ ಗಾಡಿಗೆ 2 ವರ್ಷಕ್ಕೊಮ್ಮೆ ಎಫ್‌ಸಿ, 8 ವರ್ಷ ದಾಟಿದ್ದಕ್ಕೆ ಪ್ರತಿ ವರ್ಷ. ಲೈನಿಂಗಿಗೆ ಈ ಲೆಕ್ಕ ಗೊತ್ತಿಲ್ಲ. ಊರೊಳಗೆ ಹಾಲು ಹಂಚುವ ಗಾಡಿಯ ಲೈನಿಂಗ್ ವರ್ಷಗಟ್ಟಲೆ ಬರಬಹುದು. ದಿನಾ ಶಿರಾಡಿಯೋ ಚಾರ್ಮಾಡಿಯೋ ಘಾಟಿ ಇಳಿದು ಹತ್ತುವ ಗಾಡಿಯದ್ದು ಕೆಲವೇ ತಿಂಗಳಿಗೆ ಮುಗಿಯುತ್ತದೆ. ಎರಡೂ ಗಾಡಿಗೆ ಸಿಗುವ ಹಾಳೆ ಒಂದೇ. ಎಫ್‌ಸಿ ತಾರೀಖು ದಾಟಿದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಕಟ್ಟಬೇಕು. ಹಾಗಾಗಿ ತಾರೀಖು ಎಲ್ಲ ಮಾಲೀಕರಿಗೂ ಬಾಯಿಪಾಠ. ಅದೇ ಮಾಲೀಕರನ್ನು ನಿಮ್ಮ ಗಾಡಿಯ ಹಿಂದಿನ ಎಡ ಚಕ್ರದ ಲೈನಿಂಗ್ ಎಷ್ಟಿದೆ ಎಂದು ಕೇಳಿ ನೋಡಿ. ನೂರರಲ್ಲಿ ಒಬ್ಬರು ಹೇಳಿದರೆ ಹೆಚ್ಚು. ಹಾಳೆಯಲ್ಲಿ ಏನು ಬರೆದಿದೆಯೋ ಅದನ್ನೇ ಜನ ನೆನಪಿಡುತ್ತಾರೆ.

ಎಫ್‌ಸಿ ಹತ್ತಿರ ಬಂದಾಗ ಗ್ಯಾರೇಜಿಗೆ ಬರುವ ಗಾಡಿಗೆ ಖರ್ಚಾಗುವುದು ಎಲ್ಲಿ ಗೊತ್ತಾ? ಮೊದಲು ಬಣ್ಣ. ತುಕ್ಕು ಹಿಡಿದ ತಗಡಿಗೆ ವೆಲ್ಡಿಂಗ್, ಬಂಪರ್‌ಗೆ ಬಣ್ಣ, ನಂಬರ್ ಬರೆಸುವುದು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್. ವೈಪರ್, ಹಾರ್ನ್, ಇಂಡಿಕೇಟರ್, ಫಸ್ಟ್ ಏಡ್ ಬಾಕ್ಸ್. ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರ್ ಕಾಗದ. ಟೇಪನ್ನು ನಾನು ಹಗುರ ಮಾಡಿ ಹೇಳುತ್ತಿಲ್ಲ. ಮಂಜು ಮುಸುಕಿದ ರಾತ್ರಿ ದೋಣಿಗಾಲ್ ಹತ್ತಿರ ಕೆಟ್ಟು ನಿಂತ ಲಾರಿಯ ಹಿಂಭಾಗ ಕಾಣುವುದು ಆ ಕೆಂಪು ಪಟ್ಟಿಯಿಂದಲೇ. ಆದರೆ ಇಷ್ಟೆಲ್ಲ ಆದ ಮೇಲೆ "ಬ್ರೇಕ್ ಬಿಚ್ಚಿ ನೋಡಲಾ?" ಎಂದು ಕೇಳಿದರೆ, "ಹಿಡಿಯುತ್ತಲ್ಲ, ಬಿಡಿ" ಎನ್ನುತ್ತಾರೆ. ಕಣ್ಣಿಗೆ ಕಾಣುವುದಕ್ಕೆ ದುಡ್ಡು ಹಾಕುತ್ತಾರೆ. ಡ್ರಮ್ಮಿನ ಒಳಗಿರುವುದು ಯಾರಿಗೂ ಕಾಣುವುದಿಲ್ಲ.

ಟೈರಿನದ್ದು ಇನ್ನೂ ಬೇಸರದ ವಿಷಯ. ಎಫ್‌ಸಿ ದಿನಕ್ಕೆಂದು ಒಳ್ಳೆಯ ಟೈರ್ ಬಾಡಿಗೆಗೆ ತಂದು ಹಾಕಿ, ಸಂಜೆ ಬಿಚ್ಚಿ ಕೊಡುವುದು ನಮ್ಮ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತಿರುವ ಸಂಗತಿ. ನಾಲ್ಕು ಚಕ್ರ ಮತ್ತು ಅದಕ್ಕಿಂತ ದೊಡ್ಡ ಗಾಡಿಗಳ ಟೈರಿನಲ್ಲಿ ಕನಿಷ್ಠ 1.6 ಮಿಲಿಮೀಟರ್ ಗ್ರಿಪ್ ಇರಬೇಕು ಎಂದು ನಿಯಮ ಹೇಳುತ್ತದೆ. ಪರೀಕ್ಷೆಯ ದಿನ ಅಷ್ಟು ಇದ್ದೇ ಇರುತ್ತದೆ. ಆ ದಿನ ಇದ್ದ ಟೈರಿನ ನಂಬರ್ ಮತ್ತು ಆಳವನ್ನು ಎಫ್‌ಸಿ ಜೊತೆಗೇ ಬರೆದಿಟ್ಟರೆ ಬಾಡಿಗೆ ಟೈರಿನ ಆಟ ತಾನಾಗಿ ನಿಲ್ಲುತ್ತದೆ. ವಾರದ ನಂತರ ಹೆದ್ದಾರಿಯಲ್ಲಿ ಯಾರು ತಪಾಸಣೆ ಮಾಡಿದರೂ ಹಾಳೆಯಲ್ಲಿರುವ ಟೈರೇ ಗಾಡಿಯಲ್ಲಿ ಇದೆಯಾ ಎಂದು ನೋಡಬಹುದು.

ಕಾನೂನನ್ನು ನಾನು ಓದಿದ ಮಟ್ಟಿಗೆ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಎಫ್‌ಸಿ ಬಗ್ಗೆ ಇದೆ. ಎಫ್‌ಸಿ ಕೊಡಲು ನಿರಾಕರಿಸಿದರೆ ಅದರ ಕಾರಣವನ್ನು ಮಾಲೀಕನಿಗೆ ಬರವಣಿಗೆಯಲ್ಲಿ ಕೊಡಬೇಕು ಎಂದು ಅದರಲ್ಲೇ ಇದೆ. ಕೊಟ್ಟ ಮೇಲೆ ಗಾಡಿ ಸರಿಯಿಲ್ಲ ಎಂದು ಕಂಡುಬಂದರೆ, ಕಾರಣ ಬರೆದು ಎಫ್‌ಸಿ ರದ್ದು ಮಾಡಲೂಬಹುದು. ಫೇಲ್ ಆದವನಿಗೆ ಬರವಣಿಗೆ ಸಿಗುತ್ತದೆ. ಪಾಸ್ ಆದವನಿಗೆ ಯಾಕೆ ಬೇಡ? ಅಂಚಿನಲ್ಲಿ ಪಾಸಾದ ಗಾಡಿಯೇ ಹೆಚ್ಚು ಅಪಾಯದ್ದು. ಅದು ಮರುದಿನವೇ ರಸ್ತೆಗೆ ಇಳಿಯುತ್ತದೆ.

ಯಂತ್ರದ ಪರೀಕ್ಷೆ ಬರುತ್ತಿದೆಯಲ್ಲ, ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ನಿಯಮ ಮಾಡಿತು. ನಮ್ಮಲ್ಲಿ ನೆಲಮಂಗಲದಲ್ಲಿ ಯಂತ್ರದ ತಪಾಸಣಾ ಕೇಂದ್ರ ಇದೆ. ನಾನು ಇದನ್ನು ಪೂರ್ತಿ ಸ್ವಾಗತಿಸುತ್ತೇನೆ. ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ತಿರುಗಿಸಿ, ಬ್ರೇಕ್ ಒತ್ತಿಸಿ, ಒಂದೊಂದು ಚಕ್ರ ಎಷ್ಟು ಹಿಡಿಯುತ್ತದೆ ಎಂದು ಅದು ಅಳೆಯುತ್ತದೆ. ಎಡ ಬಲದ ವ್ಯತ್ಯಾಸ ಗೊತ್ತಾಗುತ್ತದೆ. ಅಂಗಳದಲ್ಲಿ ನಾಲ್ಕು ಮಾರು ಓಡಿಸಿ ಬ್ರೇಕ್ ಹಾಕಿ ನೋಡುವುದಕ್ಕಿಂತ ಎಷ್ಟೋ ಮೇಲು. ಆರ್‌ಟಿಒ ಕಚೇರಿಯ ಬ್ರೇಕ್ ಇನ್ಸ್‌ಪೆಕ್ಟರ್ ಎಷ್ಟೇ ಪ್ರಾಮಾಣಿಕರಾಗಿರಲಿ, ಸಾಲಿನಲ್ಲಿ ನಿಂತ ಗಾಡಿಗಳ ಚಕ್ರ ಬಿಚ್ಚಿ ನೋಡಲು ಅವರಿಗೆ ಆಗುವುದಿಲ್ಲ. ಅದು ನನಗೂ ಗೊತ್ತು.

ಆದರೆ ಮೆಕ್ಯಾನಿಕ್ ಆಗಿ ಒಂದು ಮಾತು. ರೋಲರ್ ಅಳೆಯುವುದು ತಣ್ಣಗಿರುವ ಬ್ರೇಕನ್ನು. ಎಷ್ಟೋ ಸಲ ಖಾಲಿ ಗಾಡಿಯನ್ನು. ತೆಳ್ಳಗಾದ ಲೈನಿಂಗ್ ಕೂಡ ತಣ್ಣಗಿದ್ದಾಗ ಚೆನ್ನಾಗೇ ಹಿಡಿಯುತ್ತದೆ. ಅದಕ್ಕೇ ರೋಲರಿನ ಅಂಕಿಯ ಜೊತೆ ಲೈನಿಂಗಿನ ದಪ್ಪವೂ ಬೇಕು. ಕೆಲವು ಲಾರಿಗಳಲ್ಲಿ ಡ್ರಮ್ಮಿನ ಹಿಂದಿನ ತಗಡಿನಲ್ಲಿ ಇದನ್ನು ನೋಡಲೆಂದೇ ಒಂದು ಕಿಂಡಿ ಇರುತ್ತದೆ. ರಬ್ಬರ್ ಮುಚ್ಚಳ ತೆಗೆದು ಟಾರ್ಚ್ ಹಾಕಿದರೆ ಕಾಣುತ್ತದೆ. ಕಿಂಡಿ ಇಲ್ಲದ ಗಾಡಿಗೆ, ಇತ್ತೀಚೆಗೆ ಡ್ರಮ್ ಬಿಚ್ಚಿ ನೋಡಿದ ಗ್ಯಾರೇಜಿನ ಬಿಲ್ ಮತ್ತು ಅಳತೆ ತರಬೇಕು ಎಂದು ಕೇಳಬಹುದು. ಮತ್ತೆ, ಯಂತ್ರದ ವರದಿ ಬಂದರೂ ಅದು ಹೋಗಿ ಸೇರುವುದು ಮಾಲೀಕರ ಫೈಲಿಗೆ. ಡ್ರೈವರಿನ ಕವರಿನಲ್ಲಿ ಇರುವುದು ಮತ್ತೆ ಅದೇ ತಾರೀಖಿನ ಹಾಳೆ.

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಸ್ವಂತ ಕಾರಿಗೂ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆ ಇದೆ, ಎಂಒಟಿ ಅನ್ನುತ್ತಾರೆ. ಅವನ ಕಾರು ಪಾಸಾದ ಹಾಳೆಯ ಫೋಟೊ ಕಳಿಸಿದ್ದ. ಪಾಸ್ ಎಂದು ಬರೆದ ಅದೇ ಹಾಳೆಯಲ್ಲಿ, ಮುಂದಿನ ಬ್ರೇಕ್ ಪ್ಯಾಡ್ ತೆಳ್ಳಗಾಗುತ್ತಿದೆ, ಗಮನಿಸಿ ಎಂದೂ ಬರೆದಿತ್ತು. ಅದಕ್ಕೆ ದಂಡ ಇಲ್ಲ, ಫೇಲ್ ಅಲ್ಲ. ಮುಂಚೆಯೇ ಹೇಳುವ ಎಚ್ಚರಿಕೆ ಅಷ್ಟೇ. ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ಹಿಂದಿನ ವರ್ಷಗಳ ಫಲಿತಾಂಶ, ಆಗ ಓಡಿದ್ದ ದೂರ, ಇಂಥ ಎಚ್ಚರಿಕೆ ಎಲ್ಲ ಯಾರು ಬೇಕಾದರೂ ನೋಡಬಹುದಂತೆ. ಹಳೆಯ ಕಾರು ಕೊಳ್ಳುವವರು ಮೊದಲು ಅದನ್ನೇ ನೋಡುತ್ತಾರೆ ಎಂದ. ನಮ್ಮಲ್ಲೂ ಎಂ-ಪರಿವಾಹನ್ ಆ್ಯಪ್ ಇದೆ. ನಂಬರ್ ಹಾಕಿದರೆ ಎಫ್‌ಸಿ ಯಾವಾಗ ಮುಗಿಯುತ್ತದೆ ಎಂದು ತೋರಿಸುತ್ತದೆ. ಅದರ ಕೆಳಗೆ ಇನ್ನು ನಾಲ್ಕು ಸಾಲು ಸೇರಿಸುವುದು ದೊಡ್ಡ ಕೆಲಸ ಅಲ್ಲ ಅಲ್ವಾ?

ಮಾಲೀಕರಿಗೆ ಒಂದು ಭಯ ಇದೆ, ಅದು ನ್ಯಾಯವಾದದ್ದೇ. ಲೈನಿಂಗ್ ಕಡಿಮೆ ಇದೆ ಎಂದು ಬರೆದುಕೊಟ್ಟರೆ, ದಾರಿಯಲ್ಲಿ ನಿಲ್ಲಿಸಿದವರೆಲ್ಲ ಅದನ್ನೇ ಹಿಡಿದುಕೊಂಡು ಕಾಸು ಕೇಳುತ್ತಾರೆ ಎನ್ನುತ್ತಾರೆ. ಒಂದೇ ಗಾಡಿ ಇಟ್ಟುಕೊಂಡು, ಕಂತು ಕಟ್ಟಿ, ಇನ್ಶೂರೆನ್ಸ್ ಕಟ್ಟಿ, ಅದರಲ್ಲೇ ಮನೆ ನಡೆಸುವವರು ನನ್ನ ಗಿರಾಕಿಗಳಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಇನ್ನೊಂದು ಹೊರೆ ಹಾಕಿ ಎಂದು ನಾನು ಹೇಳುವುದಿಲ್ಲ. ಆ ಎಚ್ಚರಿಕೆಯ ಸಾಲಿಗೆ ದಂಡ ಹಾಕುವಂತಿಲ್ಲ ಎಂದು ನಿಯಮದಲ್ಲೇ ಬರೆಯಬೇಕು. ಲೈನಿಂಗ್ ಸಕಾಲಕ್ಕೆ ಹಾಕಿಸಿದರೆ ಉಳಿಯುವುದೂ ಅವರ ದುಡ್ಡೇ. ರಿವೆಟ್ ತಾಗುವವರೆಗೆ ಓಡಿಸಿದರೆ ಲೈನಿಂಗ್ ಜೊತೆ ಡ್ರಮ್ ಕೂಡ ಹೋಗುತ್ತದೆ. ಡ್ರಮ್ಮಿನ ಬೆಲೆ ಏನು ಎಂದು ಹಾಕಿಸಿದವರಿಗೆ ಗೊತ್ತು.

ಡ್ರೈವರುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಎಫ್‌ಸಿಗೆ ಅರ್ಜಿ ಹಾಕುವುದು ಮಾಲೀಕ, ಪಡೆಯುವುದು ಮಾಲೀಕ. ಘಾಟಿ ಇಳಿಸುವುದು ಡ್ರೈವರ್. ಬ್ರೇಕ್ ಸಡಿಲ ಇದೆ ಎಂದು ಹೇಳಿದರೆ "ನಿಂಗೆ ಓಡಿಸೋಕೆ ಬರಲ್ಲ" ಎನ್ನುವ ಯಜಮಾನರಿದ್ದಾರೆ. ಬಾಯಿಮಾತಿಗೆ ಬೆಲೆ ಇಲ್ಲ. ಕೈಯಲ್ಲಿ ಒಂದು ಅಳತೆ ಇದ್ದರೆ ಮಾತೇ ಬೇರೆ. ಅಪಘಾತ ಆದ ಮೇಲೆ ಮೊದಲು ಕೇಸು ಬೀಳುವುದು ಓಡಿಸುತ್ತಿದ್ದವನ ಮೇಲೆ. ಬದುಕಿ ಉಳಿದಿದ್ದರೆ.

ಹೀಗಾಗಿ ನನ್ನ ಗ್ಯಾರೇಜಿನಲ್ಲಿ ನಾನೇ ಒಂದು ಚೀಟಿ ಮಾಡಿದ್ದೇನೆ. ಯಾವ ಗಾಡಿಯ ಡ್ರಮ್ ಬಿಚ್ಚಿದರೂ ಒಂದೊಂದು ಚಕ್ರದ ಲೈನಿಂಗ್ ದಪ್ಪ, ರಿವೆಟ್ಟಿಗೆ ಎಷ್ಟು ದೂರ ಇದೆ, ಬ್ರೇಕ್ ಆಯಿಲ್ ಬದಲಾಯಿಸಿದ ದಿನ, ಆಗಿನ ಕಿಲೋಮೀಟರ್ ರೀಡಿಂಗ್ ಇಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ. ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಏರ್ ಬ್ರೇಕ್ ಲಾರಿ ಆದರೆ ಗಾಳಿ ಟ್ಯಾಂಕಿನ ನೀರು ತೆಗೆದಿದ್ದೇನಾ, ಲೈನಿಂಗ್ ಸವೆದಂತೆ ಬ್ರೇಕ್ ಬಿಗಿ ಮಾಡುವ ಸ್ಲ್ಯಾಕ್ ಅಡ್ಜಸ್ಟರ್ ಸರಿ ಮಾಡಿದ್ದೇನಾ ಎಂದೂ ಬರೆಯುತ್ತೇನೆ. ಸನ್‌ವೈಸರ್ ಹಿಂದೆ ಸಿಕ್ಕಿಸಿ ಕಳಿಸುತ್ತೇನೆ. ಮೊದಮೊದಲು ಇದೆಲ್ಲ ಯಾಕೆ ಎಂದವರೇ ಈಗ ಕೇಳಿ ಪಡೆಯುತ್ತಾರೆ. ಒಬ್ಬ ಲಾರಿ ಡ್ರೈವರ್, ಹಾಸನದವರು, ಆ ಚೀಟಿಯನ್ನೇ ಯಜಮಾನರ ಮುಂದೆ ಇಟ್ಟು ನಾಲ್ಕು ಚಕ್ರಕ್ಕೂ ಹೊಸ ಲೈನಿಂಗ್ ಹಾಕಿಸಿಕೊಂಡರು. ಎಷ್ಟು ದಿನದಿಂದ ಬಾಯಲ್ಲಿ ಹೇಳುತ್ತಿದ್ದರೋ, ಕೆಲಸ ಆಗಿದ್ದು ಕಾಗದ ನೋಡಿದ ಮೇಲೆ. ಆಕ್ಟಿಂಗ್ ಡ್ರೈವರ್ ಯಾರೇ ಬರಲಿ, ಸೀಟಿನಲ್ಲಿ ಕೂತು ಸನ್‌ವೈಸರ್ ಇಳಿಸಿದರೆ ಗಾಡಿಯ ಸ್ಥಿತಿ ಕಣ್ಣ ಮುಂದೆ ಇರುತ್ತದೆ.

ಒಬ್ಬ ಮೆಕ್ಯಾನಿಕ್ ಮಾಡಬಹುದಾದದ್ದನ್ನು ಸಾರಿಗೆ ಇಲಾಖೆ ಖಂಡಿತ ಮಾಡಬಹುದು. ಎಫ್‌ಸಿ ಪಾಸಾದಾಗ ಬ್ರೇಕಿನ ಅಂಕಿ, ಲೈನಿಂಗ್ ದಪ್ಪ, ಟೈರಿನ ನಂಬರ್ ಮತ್ತು ಆಳ, ಬೇಗ ಗಮನಿಸಬೇಕಾದ ದೋಷ, ಇವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಕೊಡಲಿ. ಅದು ಗಾಡಿಯಲ್ಲೇ ಇರಬೇಕು ಎಂದು ಮಾಡಲಿ. ಮೊದಲು ಘಾಟಿ ರಸ್ತೆಯಲ್ಲಿ ಓಡುವ ಭಾರದ ಗಾಡಿ, ಶಾಲಾ ವಾಹನ ಮತ್ತು ಬಸ್ಸುಗಳಿಂದ ಶುರು ಮಾಡಿದರೂ ಸಾಕು. ನಿಯಮ ಕೇಂದ್ರದ್ದು, ನಾವೇನು ಮಾಡೋದು ಎನ್ನಬೇಡಿ. ಪರೀಕ್ಷೆಯಲ್ಲಿ ಕಂಡದ್ದನ್ನು ಬರೆದುಕೊಡಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.

ನಾನು ಬಳಸುವ ಚೀಟಿಯ ಒಂದು ಖಾಲಿ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಇದ್ದರೆ ಅದನ್ನೂ ಪ್ರಕಟಿಸಿ. ಬೇರೆ ಊರಿನ ಮೆಕ್ಯಾನಿಕ್‌ಗಳು ಹಾಗೇ ನಕಲು ಮಾಡಿಕೊಂಡು ಬಳಸಬಹುದು, ನನ್ನನ್ನು ಕೇಳಬೇಕಾಗಿಲ್ಲ.

ಇಂತಿ,
ಒಬ್ಬ ಬ್ರೇಕ್ ಮೆಕ್ಯಾನಿಕ್,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ